ಏಳನೇ ಕ್ಲಾಸಿನವನಿಗೆ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು

ಮಾನ್ಯರೇ,

ಸಿರುಗುಪ್ಪದ ವಿದ್ಯಾಚಂದ್ರ ಪ್ರತಿಭಾ ಪುರಸ್ಕಾರ ಸಮಿತಿಯ ಅಧ್ಯಕ್ಷರೂ, ಅದರ ಸ್ಥಾಪಕರೂ, ಅದರ ಆಮಂತ್ರಣ ಪತ್ರಿಕೆಯಲ್ಲಿ ಮೂರು ಕಡೆ ಮೂರು ಬೇರೆ ಬೇರೆ ಭಾವಚಿತ್ರಗಳಲ್ಲಿ ದರ್ಶನ ಕೊಟ್ಟವರೂ ಆದ ಶ್ರೀ ವೀರಭದ್ರಪ್ಪನವರ ಸಮ್ಮುಖಕ್ಕೆ, ರಾರಾವಿಯ ಸುಂಕಪ್ಪನು ತಾವು ಹೊದಿಸಿದ ಶಾಲನ್ನು ಹೆಗಲ ಮೇಲೆ ಇಟ್ಟುಕೊಂಡೇ, ಊರವರೆಲ್ಲರೂ ಓದಲೆಂದು ಬಹಿರಂಗವಾಗಿ ಬರೆದುಕೊಳ್ಳುವ ಅರಿಕೆ.

ಕಳೆದ ಭಾನುವಾರ ತಾವು ನಡೆಸಿದ ಪುರಸ್ಕಾರ ಸಮಾರಂಭದಂಥದ್ದನ್ನು ನನ್ನ ಐವತ್ತೆಂಟು ವರ್ಷದ ಆಯುಷ್ಯದಲ್ಲಿ ನಾನು ಕಂಡಿಲ್ಲ. ನಾನು ಬಂದದ್ದು ನನ್ನ ತಂಗಿ ಜಡೆಮ್ಮನ ಮಗಳು ಅನಿತಾಳಿಗಾಗಿ. ಮನೆಯಲ್ಲಿ ನಾವೆಲ್ಲ ತೆಲುಗು ಮಾತಾಡುವವರು; ಆ ಹುಡುಗಿ ಸರ್ಕಾರಿ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿಯ ಕನ್ನಡದಲ್ಲಿ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು ತೆಗೆದಳು. ಆ ಬುದ್ಧಿ ಸೋದರಮಾವನಿಂದ ಬಂದದ್ದೆಂದು ನಾನು ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದೇನೆ, ಹಿಟ್ಟಿನ ಗಿರಣಿಯಲ್ಲಿ ಹೇಳಿದ್ದೇನೆ, ಯಾರೂ ಎದುರಾಡಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಇನ್ನು ಕಲಿಸುವುದೇನೂ ಉಳಿದಿಲ್ಲವೆಂದು ಮೇಷ್ಟ್ರೇ ಕೈಮುಗಿದದ್ದರಿಂದ.

ಅಂದು ಬೆಳಿಗ್ಗೆ ಕುರುಗೋಡಿನಲ್ಲಿ ಗೆಳೆಯ ಹೊನ್ನೂರಪ್ಪನ ಮಗಳ ಮದುವೆ ಇತ್ತು. ಅಲ್ಲಿ ಹಿರಿಯರಿಗೆಲ್ಲ ಪೇಟ ಸುತ್ತಿದರು. ಅದು ನನಗೆ ಎಷ್ಟು ಒಪ್ಪಿತೆಂದರೆ ಬಸ್ಸಿನಲ್ಲಿಯೂ ಬಿಚ್ಚಲು ಮನಸ್ಸಾಗಲಿಲ್ಲ. ಹಾಗೆಯೇ ತಮ್ಮ ಸಭಾಂಗಣದ ಬಾಗಿಲಿಗೆ ಬಂದೆ. ಪೇಟ ಕಂಡ ಕೂಡಲೇ ತಮ್ಮ ಸ್ವಯಂಸೇವಕರಿಬ್ಬರು ಓಡಿ ಬಂದು, “ಏನ್ರಿ ಸಾರ್, ಇಷ್ಟು ತಡಾ ಮಾಡೋದ? ನಿಮ್ಮ ಕುರ್ಚಿ ಸ್ಟೇಜ್ ಮ್ಯಾಲಿ ಐತಿ, ಬರ್ರಿ ಬರ್ರಿ” ಎಂದು ಎರಡೂ ತೋಳು ಹಿಡಿದು ನಡೆಸಿದರು. ನಾನು ಬೇಡವೆನ್ನಲಿಲ್ಲ. ಇಷ್ಟು ತಡವಾಗಿಯಾದರೂ ಸಿರುಗುಪ್ಪದವರಿಗೆ ನನ್ನ ಬೆಲೆ ಗೊತ್ತಾಯಿತಲ್ಲ ಎಂಬ ಸಮಾಧಾನದಲ್ಲಿ ಹೋಗಿ ಕುಳಿತೆ.

ವೇದಿಕೆಯ ಮೇಲೆ ನಾವು ಗಣ್ಯರು ಹನ್ನೊಂದು ಮಂದಿ ಇದ್ದೆವು. ಒಬ್ಬೊಬ್ಬರಿಗೂ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಫೋಟೋ, ಅದಾದ ಮೇಲೆ ಎರಡು ಮಾತು. ಆ ಎರಡು ಮಾತು ಯಾರದೂ ಹದಿನೈದು ನಿಮಿಷಕ್ಕಿಂತ ಕಡಿಮೆ ಇರಲಿಲ್ಲ. ನನ್ನ ಹೆಸರು ಕೇಳಿಕೊಂಡು ಹೋದ ನಿರೂಪಕರು “ಶಿಕ್ಷಣಪ್ರೇಮಿ, ಕೊಡುಗೈ ದಾನಿ, ಮಕ್ಕಳ ಪಾಲಿನ ಕಲ್ಪವೃಕ್ಷ, ರಾರಾವಿ ಸುಂಕಪ್ಪನವರು” ಎಂದು ಕೂಗಿದಾಗ, ಅಂಥವನೊಬ್ಬ ನಮ್ಮೂರಿನಲ್ಲಿ ಇದ್ದಾನೆಯೇ ಎಂದು ನಾನೇ ಒಂದು ಗಳಿಗೆ ಹಿಂತಿರುಗಿ ನೋಡಿದೆ. ಮದುವೆಯ ಪೇಟದ ಮೇಲೆಯೇ ತಾವು ತಮ್ಮ ಪೇಟವನ್ನೂ ಇಟ್ಟಿರಿ. ಮಕ್ಕಳ ಶಿಸ್ತಿನ ಬಗ್ಗೆ ನಾನೂ ಹದಿನೆಂಟು ನಿಮಿಷ ಮಾತಾಡಿದೆ. ಚಪ್ಪಾಳೆಯೂ ಬಿತ್ತು.

ಇಷ್ಟು ಹೊತ್ತೂ, ಮಾನ್ಯರೇ, ಪುರಸ್ಕಾರ ಪಡೆಯಬೇಕಾದ ಮಕ್ಕಳು ಸಭಾಂಗಣದ ಹೊರಗೆ ಪಕ್ಕದ ಮೆಟ್ಟಿಲ ಬಳಿ ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ಕೂತರೆ ಸಾಲು ಕೆಡುತ್ತದೆಂದು ಅವರಿಗೆ ಬೆಂಚು ಕೊಡದೆ ಇದ್ದ ತಮ್ಮ ದೂರದೃಷ್ಟಿಯನ್ನು ಹೊಗಳಲು ನನ್ನಲ್ಲಿ ಶಬ್ದಗಳಿಲ್ಲ. ಜಡೆಮ್ಮ ಗದ್ದೆಯ ಕೆಲಸ ಬಿಟ್ಟು ಬೆಳಿಗ್ಗೆ ಎಂಟಕ್ಕೇ ಬಂದು ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತಿದ್ದಳು. ಮಗಳ ಹೆಸರನ್ನು ಮೈಕಿನಲ್ಲಿ ಒಮ್ಮೆ ಕೇಳಬೇಕೆಂಬುದೊಂದೇ ಅವಳ ಆಸೆ. ಹೆಸರು ಕೂಗಿದಾಗ ಕೆಮ್ಮು ಬಂದೀತೆಂದು ಎಲೆ ಅಡಿಕೆ ಸಹ ಹಾಕಿಕೊಂಡಿರಲಿಲ್ಲ.

ಎರಡೂವರೆಗೆ ಅಡುಗೆಯವರು ಅನ್ನ ಆರುತ್ತಿದೆಯೆಂದು ಹೇಳಿ ಕಳಿಸಿದರು. ಮೇಜಿನ ಮೇಲೆ ನೆನಪಿನ ಕಾಣಿಕೆಗಳೂ ಮುಗಿದಿದ್ದವು. ಆಗ ತಾವು ಕೊಂಚವೂ ಗಾಬರಿಯಾಗದೆ “ಎಲ್ಲಾ ಪ್ರತಿಭಾವಂತ ಮಕ್ಕಳಿಗೆ ಒಂದು ಸಾಮೂಹಿಕ ಚಪ್ಪಾಳೆ” ಎಂದು ಘೋಷಿಸಿ, ಹೆಸರು ಕರೆಯುವ ತೊಂದರೆಯಿಂದ ಎಲ್ಲರನ್ನೂ ಪಾರು ಮಾಡಿದಿರಿ. ಮಕ್ಕಳನ್ನು ನಮ್ಮ ಹಿಂದೆ ನಿಲ್ಲಿಸಿ ಫೋಟೋ ತೆಗೆಸಿದಿರಿ. ಮರುದಿನದ ಪತ್ರಿಕೆಯಲ್ಲಿ ಅದು ಬಂದಿದೆ. ನನ್ನ ಎರಡು ಅಂತಸ್ತಿನ ಪೇಟದ ಬಲಕ್ಕೆ ಒಂದು ಕಿವಿ, ಒಂದು ಓಲೆ ಕಾಣುತ್ತದೆ. ಅದೇ ಅನಿತಾ.

ಊರಿಗೆ ಮರಳುವ ಬಸ್ಸಿನಲ್ಲಿ ಅನಿತಾ ನನ್ನ ಮಡಿಲಲ್ಲಿದ್ದ ಗಾಜಿನ ಕಾಣಿಕೆಯನ್ನು ತಿರುವಿ ನೋಡಿದಳು. ಅದರ ಅಡಿಯಲ್ಲಿ ಒಂದು ಚೀಟಿ ಅಂಟಿಸಿದ್ದರು. ‘ಕುಮಾರಿ ಅನಿತಾ, ರಾರಾವಿ, ಕನ್ನಡ 125/125.’ ಮಕ್ಕಳಿಗೆಂದು ಮಾಡಿಸಿದ್ದನ್ನೇ ತಮ್ಮವರು ಮೇಜಿನಿಂದ ಎತ್ತೆತ್ತಿ ನಮಗೆ ಹಂಚಿದ್ದರು. ಅಷ್ಟು ಮಂದಿಯಲ್ಲಿ ಅವಳದು ನನ್ನ ಕೈಗೇ ಬಂದಿತ್ತು.

“ಮಾಮಾ, ಕನ್ನಡದಾಗ ಔಟಾಫ್ ಔಟ್ ಬಂದೈತಿ ನಿಂಗ! ಪೇಡಾ ಎಲ್ಲಿ?” ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಜಡೆಮ್ಮ ಮಾತ್ರ ಕಿಟಕಿಯ ಕಡೆ ತಿರುಗಿ, “ಒಂದ್ಸಲ ಹೆಸರು ಕರದಿದ್ರ ಏನಕ್ಕಿತ್ತಣ್ಣ” ಎಂದಳು. ನಾನು ಕಾಣಿಕೆಯನ್ನು ಹುಡುಗಿಯ ಕೈಗೆ ಕೊಡಲು ಹೋದೆ. “ಬ್ಯಾಡ ಮಾಮಾ. ಬಸ್ಸಿನಾಗ ನೀ ಕೊಟ್ರ ಅದು ಬರೇ ಗಾಜು” ಎಂದು ನನ್ನ ಮಡಿಲಿಗೇ ಮರಳಿಸಿದಳು. ಊರು ಬರುವ ಮುಂಚೆಯೇ ನಾನು ಎರಡೂ ಪೇಟಗಳನ್ನು ಬಿಚ್ಚಿ ಚೀಲಕ್ಕೆ ಹಾಕಿದೆ, ಇದನ್ನು ತಾವು ದಾಖಲಿಸಿಕೊಳ್ಳಬಹುದು.

ಆದಕಾರಣ ನನ್ನ ವಿನಂತಿ ಇಷ್ಟೇ. ಒಂದೋ, ನಾನು ಕನ್ನಡದಲ್ಲಿ ನೂರಿಪ್ಪತ್ತೈದು ಅಂಕ ಪಡೆದದ್ದು ನಿಜವೆಂದು ಪರೀಕ್ಷಾ ಮಂಡಳಿಯಿಂದ ಅಂಕಪಟ್ಟಿ ಕೊಡಿಸಿ, ಬಳ್ಳಾರಿಯ ಯಾವುದಾದರೂ ಕಾಲೇಜಿನಲ್ಲಿ ನನಗೆ ಸೀಟು ಕೊಡಿಸಬೇಕು. ಹಾಸ್ಟೆಲ್ ಆದರೆ ಮಂಚ ಕಿಟಕಿಯ ಪಕ್ಕ ಇರಲಿ. ಇಲ್ಲವೇ, ಮುಂದಿನ ವರ್ಷದಿಂದ ಗಣ್ಯರೆಲ್ಲರನ್ನೂ ಮೊದಲು ಮೂರು ಗಂಟೆ ಪರೀಕ್ಷೆಗೆ ಕೂರಿಸಿ, ಪಾಸಾದವರಿಗೆ ಮಾತ್ರ ಶಾಲು ಹೊದಿಸಬೇಕು. ಇವೆರಡೂ ಕಷ್ಟವೆನಿಸಿದರೆ ಮೂರನೆಯದೊಂದು ಸಣ್ಣ ದಾರಿ ಇದೆ. ಬರುವ ಭಾನುವಾರ ಅದೇ ವೇದಿಕೆಗೆ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಅವರವರ ಕಾಣಿಕೆ ಅವರವರ ಕೈಗೆ ಕೊಡಿರಿ. ಅನಿತಾಳ ಪೂರ್ಣ ಹೆಸರು, ತಾಯಿಯ ಹೆಸರು, ಅಂಕ, ಇಷ್ಟನ್ನು ಸ್ಪಷ್ಟವಾಗಿ ಓದಿಸಿರಿ. ಜಡೆಮ್ಮನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಇರಲಿ. ನಾನು ನೆಲದ ಮೇಲೆ ಕೂರುತ್ತೇನೆ, ಬರಿತಲೆಯಲ್ಲಿ. ಭಾಷಣ ಮಾಡುವುದಿಲ್ಲವೆಂದು ಬರೆದುಕೊಡಲೂ ಸಿದ್ಧ. ಇದು ನನ್ನ ಕಡೆಯಿಂದ ಎಷ್ಟು ದೊಡ್ಡ ತ್ಯಾಗವೆಂದು ನಮ್ಮೂರಿನ ಯಾರನ್ನಾದರೂ ಕೇಳಿ.

ಯಾವ ಪರೀಕ್ಷೆಯನ್ನೂ ಬರೆಯದೆ ತಮ್ಮಿಂದ ಪುರಸ್ಕೃತನಾದ,
ತಮ್ಮ ವಿಶ್ವಾಸಿ,
ಸುಂಕಪ್ಪ, ರಾರಾವಿ

ತಾಜಾ ಕಲಂ: ತಮಗೆ ಆ ದಿನ ಬಿಡುವಿಲ್ಲದಿದ್ದರೆ ದಯವಿಟ್ಟು ನೊಂದುಕೊಳ್ಳಬೇಡಿ. ತಮ್ಮ ಸಮಾರಂಭಕ್ಕೆ ಮೈಕು ಹಾಕಿದ್ದ ಓಬಣ್ಣ ತನ್ನ ಎರಡು ಹಾರ್ನುಗಳನ್ನು ತಮ್ಮ ಮನೆಯ ಎದುರಿನ ಬೇವಿನ ಮರಕ್ಕೆ ಕಟ್ಟಲು ಒಪ್ಪಿದ್ದಾನೆ. ಅಧ್ಯಕ್ಷರ ಅಪ್ಪಣೆ ಬೇಡವೇ ಎಂದು ನಾನು ಮರ್ಯಾದೆಗೆ ಕೇಳಿದೆ. ಅವನೆಂದ: “ಹುಡುಗಿ ಹೆಸರು ಕರಿಯಾಕ ಅಧ್ಯಕ್ಷರು ಯಾಕ ಬೇಕೋ ಮಾವ? ಕರೆಂಟ್ ಇದ್ರ ಸಾಕು.”