ವಿಚಾರಿಸಲು ಬಂದವರಿಗೆ ಚಹಾ

ಫೋಟೋದಲ್ಲಿ ಒಂದು ಬಸಿ, ಅದರ ಮೇಲೊಂದು ಕಪ್, ಕೆನೆ ಕಟ್ಟಿದ ಚಹಾ, ಪಕ್ಕದಲ್ಲಿ ಅರ್ಧ ಮುರಿದ ಬಿಸ್ಕತ್ತು. ಕೆಳಗೆ ಆಸ್ಪತ್ರೆಯ ಉತ್ತರ: ‘ನಿಮ್ಮ ಗಾಯದ ಚಿತ್ರ ತಲುಪಿದೆ. ಧನ್ಯವಾದಗಳು.’

ಯಂತ್ರಕ್ಕೂ ಉಪಚಾರ ಮಾಡುವವರು ನಮ್ಮ ವಾಡಿ ಊರಿನಲ್ಲಿ ಯಾರಾದರೂ ಇದ್ದರೆ ಅದು ನನ್ನ ಸೋದರತ್ತೆ!

ಮೊಣಕಾಲಿನ ಕೀಲು ಬದಲಿಸಿ ಮನೆಗೆ ಕಳಿಸುವಾಗ ಆಸ್ಪತ್ರೆಯವರು ಅತ್ತೆಯ ಫೋನಿಗೆ, ದಿನವೂ ಮೆಸೇಜಿನಲ್ಲಿ ವಿಚಾರಿಸುವ ಯಂತ್ರವೊಂದನ್ನು ಗಂಟುಹಾಕಿದ್ದರು. ನೋವೆಷ್ಟು? ಮಂಡಿ ಮಡಚುತ್ತದೆಯೇ? ಗಾಯ ಹೇಗಿದೆ? ಉತ್ತರದಲ್ಲಿ ನೋವೋ ತೊಂದರೆಯೋ ಕಂಡರೆ ಅದು ನರ್ಸಿಗೂ ನನಗೂ ತಿಳಿಸುತ್ತದೆ. ‘ಗಾಯ ಕೆಂಪಾದರೆ ತಡ ಮಾಡಬೇಡಿ. ಸೋಂಕು ಒಳಗಿಳಿದರೆ ಹೊಸ ಕೀಲನ್ನೇ ತೆಗೆಯಬೇಕಾದೀತು’ ಎಂದು ಡಾಕ್ಟರು ಎಚ್ಚರಿಸಿದ್ದರು. ನಾನಿರುವುದು ಸೇಡಂನಲ್ಲಿ, ಹೊಸ ನೌಕರಿ. ಯಂತ್ರ ಸುಮ್ಮನಿದ್ದಷ್ಟು ದಿನ ನಾನೂ ನಿಶ್ಚಿಂತೆಯಿಂದಿದ್ದೆ.

ಆದರೆ ನಮ್ಮ ಕಡೆ, ಮಾತಾಡಿಸಲು ಬಂದವರ ಮುಂದೆ ಯಾರಾದರೂ ನೋವು ತೋಡಿಕೊಳ್ಳುತ್ತಾರೆಯೇ? ಮೊದಲು ಆರಾಮ ಎನ್ನಬೇಕು, ಆಮೇಲೆ ಅವರ ಕ್ಷೇಮ ಕೇಳಬೇಕು, ಚಹಾ ಕುಡಿಸದೆ ಕಳಿಸಬಾರದು. ಮೆಸೇಜು ಬಂದೊಡನೆ ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರಂತೆ! ನಾನು ಕಾಕು ಎಂದು ಕರೆಯುವ ಪಕ್ಕದ ಮನೆಯವರು, ನಾನು ಭಾನುವಾರ ಹೋದಾಗ, ನಗುತ್ತಲೇ ಹೇಳಿದರು.

ಫೋನು ತೆಗೆದು ನೋಡಿದೆ. ಅತ್ತೆ ಬರೆದದ್ದು: ‘ನಾ ಆರಾಮ ಅದೀನ್ರಿ. ನೀವು ಹ್ಯಾಂಗದೀರಿ? ಊಟ ಆತ್ರಿ?’

ಯಂತ್ರ: ‘ಕ್ಷಮಿಸಿ, ಅರ್ಥವಾಗಲಿಲ್ಲ. ಸೊನ್ನೆಯಿಂದ ಹತ್ತರೊಳಗೆ ನೋವಿನ ಅಂಕಿ ಕಳಿಸಿ.’

“ಊಟ ಆಗಿಲ್ಲ ಕಾಣ್ತದ ಪಾಪ, ಸಿಟ್ಟಿನಾಗ ಅದ,” ಎಂದು ಅತ್ತೆ ಸೊನ್ನೆ ಕಳಿಸಿದರಂತೆ. ಗಾಯದ ಫೋಟೋ ಕೇಳಿದಾಗ ಮಾತ್ರ ರೇಗಿದರಂತೆ: “ಗುರ್ತಿಲ್ಲದವ್ರಿಗಿ ಮೊಣಕಾಲ ತೋರಸ್ಲೇನು?” ಕೊನೆಗೆ ಕಳಿಸಿದ್ದು ಚಹಾ!

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಷ್ಟರಲ್ಲಿ ನನಗೂ ಚಹಾ ಮಾಡಲು ಎದ್ದ ಅತ್ತೆ, ಬಾಗಿಲ ಚೌಕಟ್ಟು ಹಿಡಿದು, ಸೆರಗನ್ನು ಹಲ್ಲಿನಲ್ಲಿ ಕಚ್ಚಿ ನಿಂತುಬಿಟ್ಟರು. ಕೂರಿಸಿ ಸೀರೆಯಂಚು ಸರಿಸಿದೆ. ಗಾಯದ ಸುತ್ತ ಕೆಂಪಗೆ ಊದಿತ್ತು, ಕೈಯಿಟ್ಟರೆ ಬಿಸಿ.

“ಅತ್ತಿ! ಹಿಂಗ ಆಗ್ಯಾದ, ಸೊನ್ನಿ ಯಾಕ ಕಳ್ಸೀರಿ?”

“ಅದೇನು ಸುಮ್ನ ಕುಂದ್ರತದೇನು? ನಿನಗ ಚಾಡಿ ಹೇಳ್ತದ. ನೀ ಹೊಸಾ ನೌಕರಿ ಬಿಟ್ಟು ಓಡಿ ಬರ್ತಿ.” ಸೆರಗು ಸರಿಮಾಡಿಕೊಂಡು ಅಂದರು: “ಅದಕ್ಕ ಹೇಳಬಾರ್ದಂತ ಅಲ್ಲವ್ವ. ನಿನಗ ಗೊತ್ತಾಗಬಾರ್ದಂತ.”

ಸೀರೆಯನ್ನು ಗಾಯದ ಅಂಚಿನವರೆಗೆ ಮುಚ್ಚಿ ಫೋಟೋ ತೆಗೆದೆ. ಅವರನ್ನೇ ಕೇಳಿ, ಸೊನ್ನೆಯ ಜಾಗದಲ್ಲಿ ಎಂಟು ಎಂದು ಕಳಿಸಿದೆ. ಸ್ವಲ್ಪದರಲ್ಲೇ ನರ್ಸ್ ಕರೆ ಮಾಡಿದರು: ಬೆಳಿಗ್ಗೆ ಎದ್ದವರೇ ಕರೆತನ್ನಿ, ತಡ ಮಾಡಬೇಡಿ.

ಮರುದಿನ ಬೆಳಿಗ್ಗೆ, ಕಚೇರಿಗೆ ರಜೆ ತಿಳಿಸಿ, ಅತ್ತೆಯ ಕಾಲನ್ನು ನನ್ನ ತೊಡೆಯ ಮೇಲೆ ಚಾಚಿಸಿಕೊಂಡು ಆಸ್ಪತ್ರೆಗೆಂದು ಕಲಬುರಗಿಯ ರೈಲಿನಲ್ಲಿ ಕುಳಿತೆ. ಎದುರಿನ ಸೀಟಿನ ಹೆಂಗಸು ಅತ್ತೆಯ ಕಾಲು ನೋಡಿ “ಹ್ಯಾಂಗದ್ರಿ ಈಗ?” ಎಂದರು. ಅತ್ತೆ ಬಾಯಿ ತೆರೆಯುವ ಮೊದಲೇ, ಗುರುತಿಲ್ಲದವರೊಡನೆ ಎಂದೂ ಮಾತಾಡದ ನಾನು ಹೇಳಿದೆ:

“ಭಾಳ ನೋಯಾಕತ್ತದ್ರಿ.”