ಬಾಯಿ ಬಾಡಿಗೆ

ಒಬ್ಬೊಬ್ಬರಿಗೆ ಒಂದೊಂದರ ಹೆಮ್ಮೆ. ನಮ್ಮ ಓಣಿಯ ಕಡೇ ಮನೆಯವರಿಗೆ ತಮ್ಮ ನಾಯಿಯ ಜಾತಿಯ ಮೇಲೆ ಹೆಮ್ಮೆ, ಎದುರು ಮನೆಯವರಿಗೆ ತಮ್ಮ ಬೋರಿನ ಸಿಹಿನೀರಿನ ಮೇಲೆ. ನನ್ನ ಹೆಮ್ಮೆ ಸ್ವಲ್ಪ ಬೇರೆ ತರಹದ್ದು. ಬಳ್ಳಾರಿಯಲ್ಲಿ ಮನೆ ಮಾಡಿಕೊಂಡು ಕುರುಗೋಡಿನ ಹೈಸ್ಕೂಲಿನಲ್ಲಿ ಗುಮಾಸ್ತಿಕೆ ಮಾಡಿದಷ್ಟು ಕಾಲವೂ ನಾನು ಬಸ್ಸಿನ ಟಿಕೆಟ್ಟನ್ನು ಹೆಚ್ಚಾಗಿ ಬೇರೆಯವರ ಕೈಯಲ್ಲೇ ನೋಡಿದವನು. ತಪ್ಪು ತಿಳಿಯಬೇಡಿ. ಬಸ್ಸಿನಲ್ಲಿ ಕೂತು ಕಂಡಕ್ಟರ್ ಬಂದಾಗ ನಿದ್ದೆ ನಟಿಸುವ ಜಾತಿಯವನಲ್ಲ ನಾನು. ಅದು ಕಳ್ಳತನ. ನನ್ನದು ವಿದ್ಯೆ. ಇದನ್ನು ಜಿಪುಣತನ ಎನ್ನುವವರೂ ಇದ್ದಾರೆ, ಅವರ ಪೈಕಿ ಮೊದಲ ಸ್ಥಾನ ನನ್ನ ಹೆಂಡತಿ ಸರೋಜಳದು.

ಈ ವಿದ್ಯೆ ನನಗೆ ಬಂದದ್ದು ನಮ್ಮ ತಾತನಿಂದ. ತಾತ ಸಂತೆಗೆ ಹೋಗಬೇಕಾದರೆ ಒಂದು ಬೇವಿನ ಮರದ ಕೆಳಗೆ ಕೂರುತ್ತಿದ್ದ, ಅಷ್ಟೆ. ಯಾರನ್ನೂ ಕೂಗುತ್ತಿರಲಿಲ್ಲ, ಕೈ ಅಡ್ಡ ಹಾಕುತ್ತಿರಲಿಲ್ಲ. ಎತ್ತಿನ ಬಂಡಿಯವರೇ ನಿಲ್ಲಿಸಿ, “ಹತ್ತೋ ಮಾರಾಯ, ಆ ಹಚ್ಚೊಳ್ಳಿ ಶಾನುಭೋಗನ ಎಮ್ಮಿ ಕತಿ ಅರ್ಧಕ್ಕ ನಿಂತೈತಿ” ಎಂದು ಕರೆದು ಕೂರಿಸಿಕೊಳ್ಳುತ್ತಿದ್ದರು. ಆ ಎಮ್ಮೆಯ ಕಥೆಯನ್ನು ತಾತ ಬೇಕೆಂದೇ ಪ್ರತಿ ವಾರವೂ ಇಳಿಯುವ ಜಾಗಕ್ಕೆ ಸರಿಯಾಗಿ ಅರ್ಧಕ್ಕೆ ನಿಲ್ಲಿಸುತ್ತಿದ್ದ. “ಕಾಸಿದ್ರ ಕಾಸು ಕೊಡು, ಇಲ್ಲಾಂದ್ರ ಬಾಯಿ ಬಾಡಿಗಿ ಕೊಡು. ಸುಮ್ನ ಮೂಟಿ ಕುಂತಂಗ ಕುಂದ್ರಬ್ಯಾಡ” ಎಂಬುದು ಅವನು ನನಗೆ ಮಾಡಿದ ಉಪದೇಶ. ಬೇರೆ ಆಸ್ತಿ ಏನನ್ನೂ ಅವನು ಬಿಟ್ಟು ಹೋಗಲಿಲ್ಲವಾದ್ದರಿಂದ ಇದನ್ನೇ ನಾನು ಜೋಪಾನವಾಗಿ ಇಟ್ಟುಕೊಂಡೆ.

ಈ ಆಸ್ತಿಗೆ ಬೆಲೆ ಬಂದದ್ದು ಗಣಿಯ ಕಾಲದಲ್ಲಿ. ಆಗ ಬಳ್ಳಾರಿಯಲ್ಲಿ ನಿನ್ನೆ ಸೈಕಲ್ ತುಳಿದವನು ಇವತ್ತು ಕಾರಿನಲ್ಲಿ ಹೋಗುತ್ತಿದ್ದ, ಕಾರಿನವನು ತಲೆಯೆತ್ತಿ ಹೆಲಿಕಾಪ್ಟರ್ ನೋಡುತ್ತಿದ್ದ. ರಸ್ತೆಯ ತುಂಬ ಅದಿರಿನ ಲಾರಿ. ಆ ಲಾರಿಗಳ ಭಾರಕ್ಕೆ ರಸ್ತೆ ಎಂಬುದು ಗುಂಡಿಗಳ ನಡುವೆ ಉಳಿದ ಜಾಗವಾಗಿತ್ತು. ಊರೆಲ್ಲ ಗುಂಡಿಗಳನ್ನು ಬಯ್ಯುತ್ತಿತ್ತು. ನಾನು ಮಾತ್ರ ಒಳಗೊಳಗೇ ಕೈ ಮುಗಿಯುತ್ತಿದ್ದೆ. ಯಾಕೆಂದರೆ ನಮ್ಮ ವಿದ್ಯೆಯ ಮೊದಲ ಪಾಠವೇ ಅದು: ಓಡುವ ಗಾಡಿಗೆ ಕೈ ಮಾಡಬಾರದು, ಗಾಡಿ ತಾನಾಗಿ ನಿಧಾನವಾಗುವ ಕಡೆ ನಿಂತಿರಬೇಕು. ಎರಡನೆಯ ಪಾಠ, ಡ್ರೈವರನ ಹಸಿವನ್ನು ತಿಳಿಯುವುದು. ಅದಿರಿನ ಲಾರಿಯವನಿಗೆ ನಿದ್ದೆ ಬಾರದಂಥ ಕಥೆ ಬೇಕು, ದೆವ್ವ ಇದ್ದರೆ ಉತ್ತಮ. ಟ್ರ್ಯಾಕ್ಟರಿನವನಿಗೆ ಕಥೆ ಕೇಳಿಸುವುದಿಲ್ಲ. ಅವನೇ ಏನೋ ಹೇಳುತ್ತಾನೆ, ನಮಗೂ ಕೇಳಿಸುವುದಿಲ್ಲ, ಆಗಾಗ ತಲೆ ಅಲ್ಲಾಡಿಸಿದರೆ ಸಾಕು. ಟೆಂಪೋದವನಿಗೆ ಸಾಮಾನ್ಯವಾಗಿ ಮಾವನ ಮನೆಯವರ ಮೇಲೆ ಸಿಟ್ಟಿರುತ್ತದೆ, “ಅಯ್ಯೋ, ಹಿಂಗೂ ಅಂದ್ರಾ?” ಎಂದು ಎರಡು ಮೈಲಿಗೊಮ್ಮೆ ಕೇಳಿದರೆ ಅವನು ಮನೆಯ ಬಾಗಿಲಿಗೇ ಬಿಡುತ್ತಾನೆ. ಮೂರನೆಯ ಪಾಠ ಅಂಗಿಯದು. ಕೆಂಪು ಧೂಳಿನ ಬಣ್ಣದ್ದೇ ಒಂದು ಅಂಗಿ ಹೊಲಿಸಿಕೊಂಡಿದ್ದೆ. ಎಷ್ಟು ಧೂಳು ಕುಡಿದರೂ ಅದರ ಮುಖದಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ.

ನನ್ನ ಮುಖದಲ್ಲಿ ಕಾಣುತ್ತಿತ್ತು. ಸಂಜೆ ನಾನು ಮನೆಗೆ ಬಂದಾಗ ಸರೋಜ ಬಾಗಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿಯುತ್ತಿದ್ದಳು. “ಊರ ಮಂದಿ ಆ ಮಣ್ಣು ಮಾರಿ ಕಾರು ತಂದ್ರು. ನೀವು ಅದs ಮಣ್ಣನ್ನ ಮೈಗೆ ಹಚ್ಚಿಕೊಂಡು ಪುಕ್ಕಟೆ ಮನಿಗೆ ತರ್ತೀರಿ” ಎನ್ನುತ್ತಿದ್ದಳು. ಮಾತಿನಲ್ಲಿ ಅವಳು ನನಗಿಂತ ಒಂದು ಕೈ ಮೇಲು ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಇಷ್ಟು ಪೀಠಿಕೆಯಾದ ಮೇಲೆ ನನ್ನ ತಂಗಿ ಗಂಗಮ್ಮನ ಮಗಳು ಉಮಾಳ ನಿಶ್ಚಿತಾರ್ಥಕ್ಕೆ ಬರುತ್ತೇನೆ. ಗಂಗಮ್ಮನ ಮನೆ ಸಿರುಗುಪ್ಪದಲ್ಲಿ. ಗಂಡಿನವರು ತೋರಣಗಲ್ಲಿನ ಕಡೆಯವರು. ಗಂಡಿನ ಅಪ್ಪ ಪಂಪಣ್ಣನವರು ಗಣಿಯ ಕಾಲದಲ್ಲಿ ಎದ್ದು ನಿಂತ ಕುಳ. ಹೆಣ್ಣು ನೋಡಲು ಬಂದಾಗ ಹುಡುಗಿಯನ್ನು ಅರ್ಧ ಗಳಿಗೆ ನೋಡಿ, ಅಂಗಳದಲ್ಲಿ ನಿಲ್ಲಿಸಿದ್ದ ತಮ್ಮ ಹೊಸ ಬಿಳಿ ಕಾರನ್ನು ನಮಗೆಲ್ಲ ಒಂದು ಗಳಿಗೆ ತೋರಿಸಿದ್ದರು. ಹೋಗುವಾಗ ನನ್ನನ್ನು, “ನಿಮ್ಮದು ಯಾವ ಗಾಡಿ, ಬೀಗರೇ?” ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಗಂಗಮ್ಮ ನಡುವೆ ಬಂದು ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಕೊಟ್ಟುಬಿಟ್ಟಳು. ಅವರು ಹೋದ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, “ಅಣ್ಣಾ, ನಿಶ್ಚಯದ ದಿನ ಅವರ ಕಣ್ಣೆದುರಿಗೆ ಲಾರಿಯಿಂದ ಇಳಿಬ್ಯಾಡ. ನನ್ನ ಮಗಳ ಬಾಳೇವು ಐತಿ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಆಗಲಿ ಎಂದೆ.

ನಮ್ಮಲ್ಲಿ ನಿಶ್ಚಯದ ದಿನ ಹುಡುಗಿ ಉಡಬೇಕಾದದ್ದು ಸೋದರಮಾವ ತಂದ ಸೀರೆ. ಅದನ್ನು ಉಟ್ಟ ಮೇಲೇ ಹಸೆಗೆ ಕೂರುವುದು, ಅದು ಬರುವ ತನಕ ಶಾಸ್ತ್ರ ನಡೆಯುವುದಿಲ್ಲ. ಸೀರೆ ತಂದಿದ್ದೆವು, ಆದರೆ ರವಿಕೆ ದರ್ಜಿಯ ಹತ್ತಿರ ಉಳಿದಿತ್ತು. ಸರೋಜ ಎರಡು ದಿನ ಮೊದಲೇ ಕೆಲಸಕ್ಕೆಂದು ಸಿರುಗುಪ್ಪಕ್ಕೆ ಹೋದಳು. ಹೋಗುವಾಗ, “ಮುಂಜಾನಿ ಎದ್ದು ರವಕಿ ಇಸಗೊಂಡು ಸೀದಾ ಬಸ್ಸಿಗೆ ಬರ್ರಿ. ಬಂದು ನನಗ ಟಿಕೀಟು ತೋರಸ್ರಿ. ಬಾಯಿ ಮಾತಿಗೆ ನಾ ನಂಬಂಗಿಲ್ಲ” ಎಂದು ಬಸ್ಸಿನ ದುಡ್ಡನ್ನು ನನ್ನ ಜೇಬಿಗೆ ತಾನೇ ಹಾಕಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನಿಂದ ಟಿಕೆಟ್ಟು ಕೇಳುವ ಹೆಂಡತಿ ಬಳ್ಳಾರಿ ಜಿಲ್ಲೆಯಲ್ಲಿ ಅವಳೊಬ್ಬಳೇ ಇರಬೇಕು.

ದೇವರಾಣೆ ಹೇಳುತ್ತೇನೆ, ಅವತ್ತು ನಾನು ಬಸ್ಸಿಗೆ ಹೋಗುವವನೇ ಇದ್ದೆ. ಬಿಳಿ ಅಂಗಿ ಹಾಕಿದ್ದೆ. ಸೀರೆ ರವಿಕೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಸಿರುಗುಪ್ಪದ ಬಸ್ಸು ನಿಂತಿತ್ತು, ಆದರೆ ಅದರ ಒಳಗೆ ಗಾಳಿಗೂ ಜಾಗ ಇರಲಿಲ್ಲ. ಸೀರೆಯ ಮಡಿಕೆ ಹಾಳಾದೀತು, ಮುಂದಿನ ಬಸ್ಸಿಗೆ ಹೋದರಾಯಿತು ಎಂದು ಚಹಾ ಕುಡಿಯಲು ಹೊಸಪೇಟೆ ರಸ್ತೆಯ ತಿರುವಿಗೆ ಬಂದೆ. ಅಲ್ಲಿ ನನ್ನ ಹಳೆಯ ಗಿರಾಕಿ ಖಾಸಿಂಸಾಬ್ ಖಾಲಿ ಲಾರಿ ನಿಲ್ಲಿಸಿಕೊಂಡು ಬ್ರೆಡ್ಡು ಅದ್ದಿ ತಿನ್ನುತ್ತಿದ್ದ.

“ಯಾ ಕಡಿ ಸಾರ್, ಮದಲಿಂಗನಂಗ ಕಾಣಾಕತ್ತೀರಿ?”

“ಸಿರುಗುಪ್ಪಕ್ಕ ಮಾರಾಯ, ಬಸ್ಸಿಗೆ ಹೊಂಟೀನಿ.”

ಖಾಸಿಂಸಾಬ್ ಬ್ರೆಡ್ಡನ್ನು ಚಹಾದಲ್ಲೇ ಬಿಟ್ಟ. “ಬಸ್ಸಿಗೆ? ನೀವು? ಮೈಯಾಗ ಆರಾಮಿಲ್ಲೇನು?” ಆಮೇಲೆ ದನಿ ತಗ್ಗಿಸಿ, “ಕುಡತಿನಿ ತನಕ ನನ ಜೊತಿ ಬರ್ರಿ. ಅಲ್ಲಿ ಸಿರುಗುಪ್ಪದ ಅಕ್ಕಿ ಲಾರಿ ಖಾಲಿ ಮಾಡಿಕೊಂಡು ಕುರುಗೋಡ ಮ್ಯಾಲೆ ವಾಪಸ್ ಹೊಕ್ಕಾವ. ಬಸ್ಸಿಗಿಂತ ಮುಂದ ಮುಟ್ಟತೀರಿ” ಎಂದ. ಸಿರುಗುಪ್ಪ ಇರುವುದು ಉತ್ತರಕ್ಕೆ, ಕುಡತಿನಿ ಪಶ್ಚಿಮಕ್ಕೆ. ಆದರೆ ನೇರ ದಾರಿ ಇರುವುದು ದುಡ್ಡು ಕೊಡುವವರಿಗೆ. ನಾನು ಸೀರೆಯ ಗಂಟನ್ನು ಟವೆಲಿನಲ್ಲಿ ಸುತ್ತಿ ಅಂಗಿಯ ಒಳಗೆ ಹೊಟ್ಟೆಗೆ ಕಟ್ಟಿಕೊಂಡೆ. ನೋಡಿದವರಿಗೆ ಗಣಿಯಲ್ಲಿ ನನಗೂ ಒಂದು ಪಾಲಿರಬಹುದು ಎನಿಸುವಷ್ಟು ಹೊಟ್ಟೆ ಬಂತು.

ಕುಡತಿನಿಯ ಹತ್ತಿರ ಲಾರಿಗಳ ಸಾಲು ನಿಂತುಬಿಟ್ಟಿತು. ವಿದ್ಯುತ್ ಸ್ಥಾವರದ ಚಿಮಣಿ ನೋಡುತ್ತ ಕೂತೆವು. ದೆವ್ವದ ಕಥೆಗಳೆಲ್ಲ ಮುಗಿದವು. ಆಗ ಸರೋಜಳ ಫೋನು ಬಂತು.

“ಎಲ್ಲಿದೀರಿ?”

“ಬಂದೆ, ಬರಾಕತ್ತೀನಿ. ಇಲ್ಲೇ ಕುಡತಿನಿಯಾಗ ಒಂದೀಟು...”

“ಸಿರುಗುಪ್ಪದ ಬಸ್ಸು ಯಾವಾಗಿಂದ ಕುಡತಿನಿಗೆ ಹೋಗಾಕತ್ತೈತ್ರೀ?”

ನಾನು ಫೋನನ್ನು ಖಾಸಿಂಸಾಬನಿಗೆ ಕೊಡಲು ನೋಡಿದೆ, ಅವನು ಸ್ಟೇರಿಂಗಿಗೆ ಕೈ ಮುಗಿದ. ಅಷ್ಟರಲ್ಲಿ ಆ ಕಡೆಯಿಂದ ಗಂಗಮ್ಮನ ದನಿ: “ಅಣ್ಣಾ, ಹನ್ನೆರಡರೊಳಗ ಮುಹೂರ್ತ. ಉಮಾ ಹಳೇ ಸೀರಿ ಉಟಗೊಂಡು ಕುಂತಾಳ.” ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಯ್ಯಲಿಲ್ಲ. ಹೊಟ್ಟೆಗೆ ಕಟ್ಟಿದ ಗಂಟು ಇದ್ದಕ್ಕಿದ್ದಂತೆ ಭಾರವಾಯಿತು. ಲಾರಿಯಿಂದ ಧುಮುಕಿ, ನಿಂತ ಸಾಲಿನ ಪಕ್ಕದಲ್ಲೇ ಕುರುಗೋಡಿನ ರಸ್ತೆಯ ತನಕ ಓಡಿದೆ. ಪುಣ್ಯಕ್ಕೆ ಅಲ್ಲಿ ಸಿರುಗುಪ್ಪದ ರೈಸ್‌ಮಿಲ್ಲಿನ ಖಾಲಿ ಲಾರಿಯೊಂದು ಗುಂಡಿಗೆ ಇಳಿದು ಏಳುತ್ತಿತ್ತು. ಡ್ರೈವರ್ ಹುಲುಗಪ್ಪ ಎಂಬವನು. ಹತ್ತಿದವನೇ, “ಅಪ್ಪಾ, ಹಚ್ಚೊಳ್ಳಿ ಶಾನುಭೋಗನ ಎಮ್ಮಿ ಕತಿ ಪೂರಾ ಹೇಳ್ತೀನಿ, ಗಾಡಿ ಓಡಸು” ಎಂದೆ. ತಾತ ಯಾರಿಗೂ ಪೂರಾ ಹೇಳದ ಕಥೆ ಅದು. ಅಂಥ ಹೊತ್ತು ನನಗೆ ಬಂದಿತ್ತು.

ಕಥೆಯ ಎಮ್ಮೆ ಇನ್ನೂ ಕೆರೆಗೆ ಇಳಿದಿರಲಿಲ್ಲ, ಅಷ್ಟರಲ್ಲಿ ಕುರುಗೋಡಿನ ಈಚೆಗೆ ಒಂದು ದೊಡ್ಡ ಗುಂಡಿಯ ಪಕ್ಕ ಬಿಳಿ ಕಾರು ನಿಂತಿರುವುದು ಕಂಡಿತು. ಕಾರಿನ ಕೆಳಗೆ ಎಣ್ಣೆ ಹರಿದಿತ್ತು. ಪಕ್ಕದಲ್ಲಿ ಹಣ್ಣಿನ ತಟ್ಟೆಗಳು, ರೇಷ್ಮೆ ಸೀರೆಯ ಹೆಂಗಸರು, ಬಾಸಿಂಗವೊಂದು ಬಿಟ್ಟು ಉಳಿದೆಲ್ಲ ಅಲಂಕಾರದಲ್ಲಿ ಒಬ್ಬ ಹುಡುಗ. ನಡುವೆ ಸೊಂಟದ ಮೇಲೆ ಕೈ ಇಟ್ಟುಕೊಂಡ ಪಂಪಣ್ಣನವರು!

ನನ್ನ ಮೊದಲ ಕೆಲಸ ಸೀಟಿನ ಕೆಳಗೆ ಬಗ್ಗಿದ್ದು. ಅವರ ಕಣ್ಣೆದುರಿಗೆ ಲಾರಿಯಿಂದ ಇಳಿಯುವುದಿಲ್ಲ ಎಂದು ಮಾತು ಕೊಟ್ಟವನಲ್ಲವೇ ನಾನು? “ಓಡಸು, ನಿಂದ್ರಸಬ್ಯಾಡ” ಎಂದೆ. ಹುಲುಗಪ್ಪ ಪಾಪ ಗುಂಡಿಗೆ ಗೇರು ಬದಲಿಸುತ್ತಿದ್ದ. ಬಗ್ಗಿದಲ್ಲೇ ನನಗೆ ಹೊಳೆಯಿತು: ಸೀರೆ ಹೋಗಿ ಮುಟ್ಟಿದರೂ ಗಂಡೇ ಇಲ್ಲದೆ ನಿಶ್ಚಯ ಯಾರ ಜೊತೆ? ನನ್ನ ಮಾತು ಉಳಿಯಬೇಕೋ ಉಮಾಳ ಮುಹೂರ್ತ ಉಳಿಯಬೇಕೋ? ಬಾಗಿಲು ತೆರೆದು ಇಳಿದೆ. ಬಿಳಿ ಅಂಗಿ ಆ ಹೊತ್ತಿಗೆ ಕೆಮ್ಮಣ್ಣಿನ ಗೋಡೆಯಾಗಿತ್ತು.

ಪಂಪಣ್ಣನವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. “ಬೀಗರೇ, ಇದೇನ್ ಅವತಾರ?”

“ಅವತಾರ ಆಮ್ಯಾಲೆ. ನಿಮ್ದೇನಾತು?”

“ಗುಂಡಿಗೆ ಬಡಿದು ಎಣ್ಣಿ ಚೇಂಬರ್ ಒಡೀತು. ಎಷ್ಟು ಗಾಡಿಗೆ ಕೈ ಮಾಡಿದೆ, ಒಬ್ಬನೂ ನಿಂದ್ರಸವಲ್ಲ.”

“ಕೈ ಮಾಡಬಾರದ್ರೀ! ಅದೂ ಉಂಗುರದ ಕೈ. ನೀವು ಹಿಂಗ ನಿಂತ್ರ ಚೆಕಿಂಗ್‌ನವರು ಅಂತ ತಿಳಕೊಂಡು ಇನ್ನಷ್ಟು ಜೋರು ಓಡಸ್ತಾರ” ಎಂದೆ. ಜೀವನದಲ್ಲಿ ಮೊದಲ ಸಲ ನನ್ನ ವಿದ್ಯೆಗೆ ಒಬ್ಬ ಶಿಷ್ಯ ಸಿಕ್ಕಿದ್ದ.

ಮುಂದಿನದು ನನ್ನ ಆಳ್ವಿಕೆ. ಗಂಡಿನ ಅಜ್ಜಿಯನ್ನೂ ತಾಯಿಯನ್ನೂ ಹುಲುಗಪ್ಪನ ಪಕ್ಕ ಕೂರಿಸಿದೆ. ಉಳಿದವರನ್ನು ಚಕ್ರದ ಮೇಲೆ ಕಾಲಿಡುವುದು ಹೇಗೆ, ಪಟ್ಟಿ ಹಿಡಿಯುವುದು ಹೇಗೆ ಎಂದು ತೋರಿಸಿ ಹಿಂದಕ್ಕೆ ಹತ್ತಿಸಿದೆ. ಖಾಲಿ ಗೋಣಿಚೀಲಗಳನ್ನು ಮಡಿಸಿ ಆಸನ ಮಾಡಿಕೊಟ್ಟೆ. ಕ್ಯಾಬಿನ್ನಿನ ಹಿಂದಿನ ಕಿಂಡಿಗೆ ಬಾಯಿಟ್ಟು ಹುಲುಗಪ್ಪನಿಗೆ ಎಮ್ಮೆಯ ಕಥೆಯನ್ನೂ ಪೂರಾ ಹೇಳಿ ಮುಗಿಸಿದೆ. ಪಂಪಣ್ಣನವರು ಮೊದಲು ರೇಷ್ಮೆ ಪಂಚೆ ಎತ್ತಿಕೊಂಡು ಮುಖ ಗಂಟು ಹಾಕಿಕೊಂಡಿದ್ದರು. ಕುರುಗೋಡು ದಾಟಿ ಗದ್ದೆಯ ಗಾಳಿ ಮುಖಕ್ಕೆ ಬಡಿದ ಮೇಲೆ ಪಂಚೆ ಬಿಟ್ಟರು. ತೆಕ್ಕಲಕೋಟೆ ಬರುವ ಹೊತ್ತಿಗೆ ಎದ್ದು ನಿಂತು ಕ್ಯಾಬಿನ್ನಿನ ಮೇಲೆ ಎರಡೂ ಕೈ ಊರಿ, “ಏ ಬೀಗರೇ, ಸಣ್ಣಾವಿದ್ದಾಗ ನಾನೂ ಕಬ್ಬಿನ ಬಂಡಿ ಹಿಂದ ಹಿಂಗ ಜೋತು ಬೀಳತಿದ್ದೆ. ನಮ್ಮಪ್ಪ ಕಟ್ಟಿ ಹಾಕಿ ಬಡಿದಿದ್ದ!” ಎಂದು ಕೂಗಿ ಹೇಳಿದರು. ಅವರ ಮಗ ನಾಚಿಕೆಯಿಂದ ಗೋಣಿಚೀಲದೊಳಗೆ ಮುಖ ಹುದುಗಿಸಿದ್ದ.

ಲಾರಿ ಹೋಗಿ ಗಂಗಮ್ಮನ ಮನೆಯ ಚಪ್ಪರದ ಮುಂದೆಯೇ ನಿಂತಿತು. ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಗಂಗಮ್ಮ ಮೇಲೆ ನಿಂತ ನನ್ನನ್ನು ನೋಡಿದಳು, ಅವಳ ಮುಖ ಸಣ್ಣದಾಯಿತು. ಮರುಗಳಿಗೆಗೆ ನನ್ನ ಹೆಗಲು ಹಿಡಿದುಕೊಂಡು ಪಂಪಣ್ಣನವರು ಪಟ್ಟಿಯ ಮೇಲೆ ಕಾಲಿಟ್ಟರು. “ನಿಮ್ಮಣ್ಣ ಇರದಿದ್ರ ಇವತ್ತು ನಾವು ಅಲ್ಲೇ ಗುಂಡಿ ಕಾಯತಿದ್ವಿ ತಂಗೀ!” ಎಂದರು. ಗಂಗಮ್ಮ ನನ್ನ ಮುಖ ನೋಡಿ ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ, ಮೊದಲ ಆರತಿಯನ್ನು ಗಡಿಬಿಡಿಯಲ್ಲಿ ನನಗೇ ಎತ್ತಿಬಿಟ್ಟಳು. ಅಂಗಿ ಬಿಚ್ಚಿ ಗಂಟು ತೆಗೆದೆ. ಸೀರೆಯ ಮೇಲೆ ಒಂದು ಕಣ ಧೂಳಿರಲಿಲ್ಲ. ಉಮಾ ಅದನ್ನು ಎದೆಗೆ ಅವಚಿಕೊಂಡು ಒಳಗೆ ಓಡಿದಳು, ಹನ್ನೆರಡು ಬಡಿಯುವ ಮೊದಲೇ ಅದನ್ನುಟ್ಟು ಹಸೆಯ ಮೇಲೆ ಕೂತಳು.

ಎಲ್ಲ ಮುಗಿದು ಊಟಕ್ಕೆ ಕೂತಾಗ ಸರೋಜ ಬಡಿಸುತ್ತ ಬಂದು ನನ್ನ ಎಲೆಯ ಮುಂದೆ ನಿಂತಳು. “ಟಿಕೀಟು?”

ನಾನು ಎದುರು ಸಾಲಿನಲ್ಲಿ ಹೋಳಿಗೆ ತಿನ್ನುತ್ತಿದ್ದ ಬೀಗರ ಬಳಗದ ಕಡೆ ಕೈ ತೋರಿಸಿದೆ. “ಅಕಾ, ಅಲ್ಲಿ ಕುಂತೈತಿ.” ಅವಳು ನನ್ನ ಎಲೆಗೆ ತುಪ್ಪವನ್ನು ಎರಡು ಸಲ ಹಾಕಿದಳು. ಅಂಥ ಊಟ ನಾನು ಮತ್ತೆ ಉಂಡಿಲ್ಲ.

ನನ್ನ ಹೆಮ್ಮೆಯ ಕಥೆ ಇಲ್ಲಿಗೇ ನಿಲ್ಲಬೇಕಿತ್ತು, ತಾತನಿಗಿದ್ದ ಆ ಜಾಣತನ ನನಗಿಲ್ಲ. ಮರುದಿನ ಹುಲುಗಪ್ಪನ ಲಾರಿ ಅಕ್ಕಿ ಹೇರಿಕೊಂಡು ಬಳ್ಳಾರಿಗೆ ಹೊರಟಿತ್ತು. ಗಂಗಮ್ಮ ಕಟ್ಟಿಕೊಟ್ಟ ಬುತ್ತಿ, ಅಕ್ಕಿ, ಹೋಳಿಗೆಯ ಡಬ್ಬಿಗಳನ್ನು ಕಂಡು ಸರೋಜ ಕೂಡ ಲಾರಿಗೆ ಒಪ್ಪಿದಳು. ಅವಳನ್ನು ಹತ್ತಿಸಿ, ಗಂಟಲು ಸರಿಮಾಡಿಕೊಂಡು, “ಒಂದಾನೊಂದು ಊರಾಗ ಒಂದು ಎಮ್ಮಿ” ಎಂದು ಶುರು ಮಾಡಿದೆ.

“ಅದು ನಿನ್ನೆ ಮುಗೀತಲ್ರೀ ಸಾರ್” ಎಂದ ಹುಲುಗಪ್ಪ.

ಆಗ ಸರೋಜ, “ಎಮ್ಮಿ ಕತಿ ಬಿಡಪ್ಪಾ ತಮ್ಮಾ. ಇವರು ಮದುವಿಯಾದ ಹೊಸದಾಗ ನನ್ನ ಮೊದಲನೇ ಸಲ ತವರಿಗೆ ಹೆಂಗ ಕರಕೊಂಡು ಹೋದ್ರು ಕೇಳು. ಹುಲ್ಲಿನ ಬಂಡಿ ಮ್ಯಾಲೆ! ಇವರು ನಿದ್ದಿಗಣ್ಣಾಗ ಜಾರಿ ಬಿದ್ದದ್ದು ಬಂಡಿಯವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ತವರಮನಿ ಬಾಗಲಾಗ ನಾ ಒಬ್ಬಾಕೀನೇ ಇಳದೆ...” ಎಂದಳು. ಹುಲುಗಪ್ಪ ಸ್ಟೇರಿಂಗಿಗೆ ಬಡಿದುಕೊಂಡು ನಕ್ಕ. ಕೋಳೂರಿನ ಹತ್ತಿರ ಗಾಡಿ ನಿಲ್ಲಿಸಿ, “ಸಾರ್, ಹಿಂದ ಚೀಲದ ಮ್ಯಾಲೆ ಆರಾಮ ಗಾಳಿ ಬರ್ತೈತಿ, ಅಲ್ಲಿ ಕುಂದರ್ರಿ. ಅಕ್ಕಾರ ಎದುರಿಗೆ ನೀವಿದ್ರ ಅವರಿಗೆ ಕತಿ ಬಿಚ್ಚಿ ಹೇಳಾಕ ಬರವಲ್ದು” ಎಂದ.

ನಾನು ಹಿಂದೆ ಹೋಗಿ ಅಕ್ಕಿಯ ಚೀಲದ ಮೇಲೆ ಮೂಟೆಯಂತೆ ಕೂತೆ. ಬಳ್ಳಾರಿಯ ಗುಡ್ಡ ಕಾಣುವ ತನಕ ಕ್ಯಾಬಿನ್ನಿನಿಂದ ನಗೆ ಕೇಳಿಬರುತ್ತಲೇ ಇತ್ತು. ಲಾರಿ ನಮ್ಮ ಓಣಿಗೆ ಬಂದು ಮನೆಯ ಬಾಗಿಲಿಗೇ ನಿಂತಿತು. ಆ ಸೌಭಾಗ್ಯ ಸಿಕ್ಕಿದ್ದು ನನ್ನ ಎಮ್ಮೆಗಲ್ಲ, ಸರೋಜಳ ಹುಲ್ಲಿನ ಬಂಡಿಗೆ. ಸಾಮಾನು ಇಳಿಸಿಕೊಟ್ಟು ಹೊರಡುವಾಗ, “ಅಕ್ಕಾರs, ಮುಂದಿನ ವಾರ ಸಿರುಗುಪ್ಪಕ್ಕ ಬರಾದಿದ್ರ ಒಂದು ಮಾತು ಹೇಳ್ರಿ, ಇಲ್ಲೇ ಬಂದು ಕರಕೊಂಡು ಹೊಕ್ಕೀನಿ” ಎಂದ. ಆಮೇಲೆ ನನ್ನ ನೆನಪು ಬಂದಂತೆ ತಿರುಗಿ, “ಸಾರ್‌ನೂ ಬೇಕಾದ್ರ ಬರಲಿ, ಹಿಂದ ಜಾಗ ಇರತೈತಿ” ಎಂದ. ಬಾಯಿ ಬಾಡಿಗೆಯ ವಿದ್ಯೆ ನಮ್ಮ ಮನೆತನದ್ದು ಎಂದು ಈಗಲೂ ನಾನು ಹೆಮ್ಮೆಯಿಂದ ಹೇಳುತ್ತೇನೆ. ನನ್ನ ಹೆಂಡತಿಯೂ ಮನೆತನಕ್ಕೆ ಸೇರಿದವಳೇ ತಾನೇ.