ಮಾತು ಬಿಟ್ಟ ಓರಗಿತ್ತಿಯರ ಪ್ರಕರಣ ಕೈತಪ್ಪಿದ ಬಗ್ಗೆ

ಇಂದ:
ಎರಡನೇ ವರ್ಷದ ಸಂಶೋಧನಾ ವಿದ್ಯಾರ್ಥಿನಿ (ಮುಂದೆ ‘ಅರ್ಜಿದಾರಳು’),
ಸಮಾಜಶಾಸ್ತ್ರ ವಿಭಾಗ, ಮೆಟ್ಟಿಲ ಕೆಳಗಿನ ಕೊಠಡಿ.

ಗೆ:
ಅಧ್ಯಕ್ಷರು, ಸಂಶೋಧನಾ ಸಮಿತಿ,
ಅದೇ ವಿಭಾಗ, ಮೆಟ್ಟಿಲ ಮೇಲಿನ ಕೊಠಡಿ.

ವಿಷಯ: ಅಧ್ಯಯನದ ನಡುವೆ ಪ್ರಕರಣವೇ ಬದಲಾದ ಕಾರಣ ಆರು ವಾರ ಕಾಲಾವಕಾಶ ಕೋರಿ.

ಉಲ್ಲೇಖ: ‘ನೂರು ಅಂಗಡಿಗೆ ಹಣಕಿ ಹಾಕೋ ಬದಲು ಒಂದರಲ್ಲಿ ಕೂತು ನೋಡಿ’ ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

೧. ಆದೇಶದಂತೆ ಅರ್ಜಿದಾರಳು ಒಂದು ಹೊಲಿಗೆ ಅಂಗಡಿಯನ್ನು ಆರಿಸಿಕೊಂಡಳು. ಅಲ್ಲಿ ಇಬ್ಬರು ಓರಗಿತ್ತಿಯರು. ಹಿರಿಯವರು ಬಟ್ಟೆ ಕತ್ತರಿಸುತ್ತಾರೆ, ಕಿರಿಯವರು ಹೊಲಿಯುತ್ತಾರೆ. ಮೊದಲು ಹಂಚಿದ್ದ ಪ್ರಶ್ನಾವಳಿಯಲ್ಲಿ ‘ಜೊತೆಗಾರರೊಡನೆ ಮನಸ್ತಾಪವಿದೆಯೇ?’ ಎಂಬುದಕ್ಕೆ ಇಬ್ಬರೂ ‘ಇಲ್ಲ’ ಎಂದು ಗುರುತು ಹಾಕಿದ್ದರು. ಹೋಗಿ ಕೂತ ಮೇಲೆ ತಿಳಿದದ್ದು, ಹನ್ನೊಂದು ವರ್ಷದಿಂದ ಅವರಿಬ್ಬರಿಗೆ ಮಾತೇ ಇಲ್ಲ.

೨. ಆದರೂ ಅಂಗಡಿ ಸಲೀಸಾಗಿ ನಡೆಯುತ್ತಿತ್ತು. ಅಳತೆಯನ್ನು ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಬರೆದು ದಾಟಿಸುವುದು. ಉಳಿದದ್ದನ್ನು ಗೋಡೆಗೆ ಹೇಳುವುದು. ‘ಕೆಲವರು ಕಾಲರ್ ಇಡೋ ಹೊತ್ತಿಗೆ ಕೋಟು ಹಾಕ್ಕೊಳ್ಳೋರಿಗೆ ವಯಸ್ಸಾಗಿರುತ್ತೆ’ ಎಂದು ಹಿರಿಯವರು ಗೊಣಗಿದರೆ ಕಿರಿಯವರ ಯಂತ್ರ ಇನ್ನಷ್ಟು ಜೋರಾಗಿ ಓಡುತ್ತಿತ್ತು. ಅರ್ಜಿದಾರಳಿಗೆ ಹಾಲು ಕುಡಿದಷ್ಟು ಸಂತೋಷ. ‘ಮಾತಿಲ್ಲದ ಸಹಕಾರ’ ಎಂಬ ಶೀರ್ಷಿಕೆಯೂ ಎರಡು ಅಧ್ಯಾಯಗಳೂ ಸಿದ್ಧವಾದವು.

೩. ಬರೆದುಕೊಂಡದ್ದನ್ನು ಹೇಳಿದವರಿಗೇ ಓದಿ ಒಪ್ಪಿಗೆ ಪಡೆಯಬೇಕೆಂಬುದು ವಿಧಾನ. ಆದ್ದರಿಂದ ಎರಡು ವಾರದ ಹಿಂದೆ, ಮಂಗಳವಾರ, ಹಿರಿಯವರು ಒಬ್ಬರೇ ಇದ್ದಾಗ ಹೇಳಿದ್ದ ಮಾತನ್ನು ಅರ್ಜಿದಾರಳು ಅವರಿಗೇ ಗಟ್ಟಿಯಾಗಿ ಓದಿದಳು. ಅಂಗಡಿಯ ಅಗಲ ಹತ್ತೇ ಅಡಿ ಎಂಬುದು ಆಕೆಗೆ ಹೊಳೆಯಲಿಲ್ಲ.

‘ಹನ್ನೊಂದು ವರ್ಷದ ಹಿಂದೆ ಆ ಕೋಟು ಗಿಡ್ಡ ಆಗಿದ್ದು ನನ್ನ ಕತ್ತರಿಯಿಂದ್ಲೇ. ಗಿರಾಕಿ ಅವಳಿಗೆ ಬೈದಾಗ ನಾನು ಬಾಯಿ ಬಿಡ್ಲಿಲ್ಲ. ಆಮೇಲೆ ಯಾವ ಮುಖ ಇಟ್ಕೊಂಡು ಮಾತಾಡಿಸ್ಲಿ?’

ಯಂತ್ರ ನಿಂತಿತು.

‘ಅಕ್ಕಾ, ಅದು ನಿಮ್ಮದೇ ತಪ್ಪು ಅಂತ ಅವತ್ತೇ ಗೊತ್ತಿತ್ತು ನಂಗೆ,’ ಎಂದರು ಕಿರಿಯವರು. ‘ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ.’

‘ಹನ್ನೊಂದು ವರ್ಷಾನಾ?’

‘ಮತ್ತೆ? ಹಟ ನಿಮಗೊಬ್ರಿಗೇನಾ ಇರೋದು?’

ಹಿರಿಯವರು ಕತ್ತರಿ ಕೆಳಗಿಟ್ಟು ಅತ್ತರು, ನಡುನಡುವೆ ನಕ್ಕರು. ಅರ್ಜಿದಾರಳೂ ಅತ್ತಳು. ಇದು ವಿಧಾನದಲ್ಲಿಲ್ಲ, ಆದರೂ ಮರೆಮಾಚದೆ ನಿವೇದಿಸಲಾಗಿದೆ.

೪. ಸಮಿತಿಯ ಸದಸ್ಯರೊಬ್ಬರು ‘ಒಂದೇ ಅಂಗಡಿಯಿಂದ ಏನು ಸಾಬೀತಾಗುತ್ತೆ?’ ಎಂದಿದ್ದರು. ಏನೂ ಆಗುವುದಿಲ್ಲವೆಂದು ಅರ್ಜಿದಾರಳು ಒಪ್ಪುತ್ತಾಳೆ. ಆದರೆ ಪ್ರಶ್ನಾವಳಿಯ ಆ ‘ಇಲ್ಲ’ದ ಹಿಂದೆ ಏನಿತ್ತೆಂದು ನೂರು ಅಂಗಡಿ ಸುತ್ತಿದ್ದರೂ ತಿಳಿಯುತ್ತಿರಲಿಲ್ಲ.

೫. ಸದ್ಯ ಇಬ್ಬರೂ ಬಾಗಿಲು ತೆಗೆದಾಗಿನಿಂದ ಹಾಕುವವರೆಗೆ ಬಾಯಿ ಮುಚ್ಚುತ್ತಿಲ್ಲ. ಪ್ರಶ್ನೆ ಕೇಳಹೋದರೆ, ‘ಸ್ವಲ್ಪ ಇರಮ್ಮ, ನಾವಿನ್ನೂ ನಾಲ್ಕನೇ ವರ್ಷದಲ್ಲಿದೀವಿ’ ಎನ್ನುತ್ತಾರೆ. ಒಂದು ವರ್ಷದ ಮಾತಿಗೆ ನಾಲ್ಕು ದಿನ ಹಿಡಿಯುತ್ತಿದೆ. ಕಾರಣ, ರಜೆ ಕಳೆದು ಲೆಕ್ಕ ಹಾಕಿ, ಆರು ವಾರ ದಯಪಾಲಿಸಬೇಕು.

ತಮ್ಮ ವಿಶ್ವಾಸಿ,
ಬೆರಳಿಗೆ ಪಟ್ಟಿ ಸುತ್ತಿಕೊಂಡಿರುವ ಅರ್ಜಿದಾರಳು

ಲಗತ್ತು:
ಅ) ಕೆಲಸಕ್ಕೆ ಬಾರದ ಎರಡು ಅಧ್ಯಾಯಗಳು.
ಆ) ಒಪ್ಪಿಗೆ ಪತ್ರ, ಒಂದೇ ಹಾಳೆಯಲ್ಲಿ ಇಬ್ಬರ ಸಹಿ.

ವಿಶೇಷ ಮನವಿ: ಅವರು ಮಾತಾಡುವಷ್ಟು ಹೊತ್ತು ಗಿರಾಕಿಗಳ ಬಟ್ಟೆಗೆ ಗುಂಡಿಗಳನ್ನು ಅರ್ಜಿದಾರಳೇ ಹೊಲಿಯುತ್ತಿದ್ದು, ಇದುವರೆಗಿನ ನೂರ ಹದಿನೆಂಟು ಗುಂಡಿಗಳನ್ನು ಕ್ಷೇತ್ರಕಾರ್ಯವೆಂದು ಪರಿಗಣಿಸಬೇಕು.